ಸಂಬಳವಿಲ್ಲದ ಕೆಲಸಕ್ಕೊಂದು ಶಿಫಾರಸು ಪತ್ರ

ಈ ಸಲದ ಬೇಸಿಗೆ ರಜೆಯ ಮೊದಲ ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಕುಳಿತು ಹಳೇ ಸೈಕಲ್ ಪಂಪಿನ ವಾಷರಿಗೆ ಎಣ್ಣೆ ಹಾಕುತ್ತಿದ್ದೆ. ‘ಮೇಷ್ಟ್ರು ಇದಾರಾ?’ ಎಂಬ ದನಿ ಕೇಳಿ ತಲೆಯೆತ್ತಿದರೆ ಹೊಸದುರ್ಗದ ಕಡೆಯ ಒಬ್ಬ ತೆಂಗಿನ ತೋಟದ ಯಜಮಾನರು. ಕೈಯಲ್ಲಿ ಸುಲಿದ ಕಾಯಿಗಳ ಚೀಲ, ಪಕ್ಕದಲ್ಲಿ ಮಗಳು. ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಹತ್ತನೇ ತರಗತಿಯಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನಡೆಯುವಾಗ ‘ಸಾರ್, ಕಾಂತ ಸುಮ್ನೆ ಇದ್ರೆ ಕರೆಂಟ್ ಬರಲ್ಲ, ಅಲ್ಲಾಡಿಸಿದ್ರೆ ಮಾತ್ರ ಬರುತ್ತೆ, ಯಾಕೆ?’ ಎಂದು ಕೇಳಿ ನನ್ನನ್ನು ಅರ್ಧ ಗಂಟೆ ನಿಲ್ಲಿಸಿದ್ದವಳು. ಎಂಜಿನಿಯರಿಂಗಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಕಾನೂನು ಓದುತ್ತಿದ್ದಾಳೆ. ಐದು ವರ್ಷದ ಕೋರ್ಸಿನಲ್ಲಿ ಈಗ ನಾಲ್ಕನೆಯದು.

ಬಂದ ಕೆಲಸ ಒಂದು ಶಿಫಾರಸು ಪತ್ರ. ಯೂರೋಪಿನ ಒಂದು ಸಂಸ್ಥೆ ಅಂತರರಾಷ್ಟ್ರೀಯ ಶಾಂತಿಪಾಲನೆ, ನ್ಯಾಯ, ಬಂದೀಖಾನೆ ಸುಧಾರಣೆ ಈ ಮೂರೂ ಸೇರಿದ ಕೆಲಸಕ್ಕೆ ಮೂರು ತಿಂಗಳ ಮಟ್ಟಿಗೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದಂತೆ. ಇಂಟರ್ನ್‌ಶಿಪ್. ಅರ್ಜಿಯ ಜೊತೆ ಇಬ್ಬರು ಗುರುಗಳ ಪತ್ರ ಬೇಕು. ಒಬ್ಬರು ಕಾಲೇಜಿನವರು, ಇನ್ನೊಬ್ಬರು ‘ಅರ್ಜಿದಾರರ ಸ್ವಭಾವವನ್ನು ಬಲ್ಲ’ ಬೇರೆ ಯಾರಾದರೂ.

‘ಸಂಬಳ ಎಷ್ಟು ಕೊಡ್ತಾರೆ ಕೇಳಿ ಸಾರ್’ ಎಂದರು ಯಜಮಾನರು.

ಹುಡುಗಿ ಮುಖ ತಗ್ಗಿಸಿ, ‘ಸಂಬಳ ಇಲ್ಲ ಸಾರ್’ ಎಂದಳು.

‘ಊಟ, ವಸತಿ?’

‘ಅದೂ ನಮ್ದೇ.’

‘ವಿಮಾನದ ಚಾರ್ಜು?’

ಅವಳು ಸುಮ್ಮನಾದಳು. ಯಜಮಾನರು ನನ್ನ ಕಡೆ ತಿರುಗಿ, ‘ಇದಕ್ಕೆ ನಮ್ ಕಡೆ ಜೀತ ಅಂತಾರೆ ಸಾರ್. ಜೀತಕ್ಕಿರೋನಿಗೆ ಮುದ್ದೆನಾದ್ರೂ ಹಾಕ್ತಿದ್ರು’ ಎಂದರು.

ನಗು ಬಂತು. ಆದರೂ ಅವರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವಿಶ್ವಸಂಸ್ಥೆಯ ಸಚಿವಾಲಯವೇ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡದ ಪದ್ಧತಿಗೆ ಹೆಸರಾಗಿದೆ. 2015ರಲ್ಲಿ ನ್ಯೂಜಿಲೆಂಡಿನ 22 ವರ್ಷದ ತರುಣನೊಬ್ಬ ಜಿನೀವಾದಲ್ಲಿ ಹೀಗೆ ಪುಕ್ಕಟೆ ದುಡಿಯಲು ಹೋಗಿ, ಬಾಡಿಗೆ ಕಟ್ಟಲಾರದೆ ಸರೋವರದ ದಂಡೆಯಲ್ಲಿ ಗುಡಾರ ಹಾಕಿಕೊಂಡದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಬಡವರ ಮಕ್ಕಳಿಗೆ ಬಾಗಿಲು ಮುಚ್ಚಿ, ಉಳ್ಳವರ ಮಕ್ಕಳಿಂದ ಬಡವರ ನ್ಯಾಯದ ಬಗ್ಗೆ ವರದಿ ಬರೆಸುವ ವ್ಯವಸ್ಥೆ ಇದು ಎಂಬ ಟೀಕೆ ಆಗ ಎದ್ದಿತ್ತು. ಅದರಲ್ಲಿ ಸತ್ಯವಿದೆ.

ಇನ್ನೊಂದು ಕಡೆಯಿಂದ ನೋಡಿದರೆ ನಾನೂ ಹಾಗೆ ದುಡಿದವನೇ. ಬಿ.ಇಡಿ. ಓದುವಾಗ ಬೇರೆಯವರ ಶಾಲೆಗೆ ಹೋಗಿ ‘ಅಭ್ಯಾಸ ಪಾಠ’ ಮಾಡಬೇಕಿತ್ತು. ಸಂಬಳ ಹಾಗಿರಲಿ, ಚಾರ್ಟಿನ ಹಾಳೆಗೆ, ಬಣ್ಣಕ್ಕೆ ನಮ್ಮದೇ ಜೇಬು. ಹಿಂದಿನ ಬೆಂಚಿನಲ್ಲಿ ಕುಳಿತ ಅಧ್ಯಾಪಕರು ನಮ್ಮ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಆ ನಲವತ್ತು ಪಾಠ ಮಾಡದಿದ್ದರೆ ಇವತ್ತಿಗೂ ನಾನು ಕಪ್ಪುಹಲಗೆಯ ಕಡೆಗೇ ಮುಖ ಮಾಡಿಕೊಂಡು ಪಾಠ ಮಾಡುತ್ತಿದ್ದೆನೋ ಏನೋ. ಹೀಗೆಂದು ಯಜಮಾನರಿಗೆ ಹೇಳಿದೆ. ‘ನೀವು ಮಾಡಿದ್ದು ಪಕ್ಕದ ಬೀದಿಯಾಗೆ ಸಾರ್’ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ಕಾಫಿ ಬಂತು. ಕಾಫಿ ಎಂದಮೇಲೆ ಕೊಡಗು, ಕೊಡಗು ಎಂದಮೇಲೆ ಜನರಲ್ ತಿಮ್ಮಯ್ಯ. ಯಜಮಾನರಿಗೆ ಆ ಹೆಸರು ಗೊತ್ತಿತ್ತು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಅವರ ಹೆಸರಿಟ್ಟಿದ್ದಾರಲ್ಲ. ಸೈನ್ಯದ ದೊಡ್ಡ ಅಧಿಕಾರಿ ಎಂಬುದೂ ಗೊತ್ತು. ಮಗಳು ಹೋಗಬೇಕೆನ್ನುವ ಕೆಲಸವನ್ನೇ, ಶಾಂತಿಪಾಲನೆ ಮತ್ತು ಕೈದಿಗಳ ನ್ಯಾಯ ಎರಡನ್ನೂ ಒಟ್ಟಿಗೆ, ಎಪ್ಪತ್ತು ವರ್ಷಗಳ ಹಿಂದೆ ಹೆಗಲ ಮೇಲೆ ಹೊತ್ತವರು ಅವರೇ ಎಂಬುದು ಮಾತ್ರ ಗೊತ್ತಿರಲಿಲ್ಲ. ನಮ್ಮ ಶಾಲಾ ಪಠ್ಯಗಳಲ್ಲೂ ಅದಕ್ಕೆ ಜಾಗವಿಲ್ಲ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು ಮಡಿಕೇರಿಯಲ್ಲಿ, 1906ರ ಮಾರ್ಚ್ 31ರಂದು. 1950ರಲ್ಲಿ ಶುರುವಾದ ಕೊರಿಯಾ ಯುದ್ಧ 1953ರ ಜುಲೈನಲ್ಲಿ ಕದನವಿರಾಮಕ್ಕೆ ಬಂದಾಗ ಒಂದು ವಿಚಿತ್ರ ತೊಡಕು ಉಳಿದಿತ್ತು. ಸೆರೆಸಿಕ್ಕ ಸೈನಿಕರಲ್ಲಿ ಸಾವಿರಾರು ಮಂದಿ ‘ನಾವು ನಮ್ಮ ದೇಶಕ್ಕೆ ಹಿಂತಿರುಗುವುದಿಲ್ಲ’ ಎಂದು ಕುಳಿತಿದ್ದರು. ವಿಶ್ವಸಂಸ್ಥೆಯ ಪಡೆಯ ಕೈಯಲ್ಲಿ ಇಂಥವರು 22 ಸಾವಿರಕ್ಕೂ ಮಿಕ್ಕಿ. ಹೆಚ್ಚಿನವರು ಚೀನೀಯರು, ಉಳಿದವರು ಉತ್ತರ ಕೊರಿಯಾದವರು. ಆ ಕಡೆ ಉತ್ತರದವರ ಕೈಯಲ್ಲಿ 359 ಮಂದಿ; ಅವರಲ್ಲಿ 23 ಅಮೆರಿಕನ್ನರು, ಒಬ್ಬ ಬ್ರಿಟಿಷ್. ಇವರು ನಿಜವಾಗಿಯೂ ಸ್ವಂತ ಇಚ್ಛೆಯಿಂದ ಬೇಡ ಎನ್ನುತ್ತಿದ್ದಾರೋ, ಯಾರಾದರೂ ಹೆದರಿಸಿ ಹೇಳಿಸುತ್ತಿದ್ದಾರೋ? ಇದನ್ನು ಪತ್ತೆ ಮಾಡಲು ಐದು ದೇಶಗಳ ತಟಸ್ಥ ಆಯೋಗ ಆಯಿತು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ತೋರಾಟ್ ಅವರ ಕೈಕೆಳಗೆ ಭಾರತದ ಒಂದು ಪಡೆಯೇ ಹೋಯಿತು.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದು ಎಂದು ಹಟ ಹಿಡಿದ. ಹಡಗಿನಲ್ಲಿ ಬಂದ ನಮ್ಮವರನ್ನು ಅಮೆರಿಕದ ಹೆಲಿಕಾಪ್ಟರುಗಳಲ್ಲಿ ಎತ್ತಿಕೊಂಡು ಹೋಗಿ ಎರಡೂ ಕಡೆಯ ನಡುವಿನ ನಿಸ್ಸೇನೀಕೃತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಮುಳ್ಳುತಂತಿಯ ಬೇಲಿಗಳ ಊರೇ ಎದ್ದಿತು. ಬೇಲಿಯೊಳಗಿನ ಕೈದಿಗಳ ನಡುವೆ ಎರಡೂ ಪಕ್ಷದ ನಾಯಕರು, ಗೂಢಚಾರರು, ಬಡಿಗೆ ಹಿಡಿದವರು. ಒಮ್ಮೆ ಚೀನೀ ಕೈದಿಗಳು ಮೇಜರ್ ಗ್ರೇವಾಲ್ ಎಂಬ ನಮ್ಮ ಅಧಿಕಾರಿಯನ್ನೇ ಒಳಗೆ ಎಳೆದುಕೊಂಡುಬಿಟ್ಟರು. ಹೊರಗಿನ ಸೈನಿಕರು ಬಂದೂಕು ಎತ್ತಿ ನಿಂತಿದ್ದರು. ಒಂದು ಗುಂಡು ಹಾರಿದ್ದರೆ ನೂರಾರು ಹೆಣ ಬೀಳುತ್ತಿತ್ತು. ಜನರಲ್ ತೋರಾಟ್ ಕೈಯಲ್ಲಿ ಆಯುಧವಿಲ್ಲದೆ ಬೇಲಿಯೊಳಗೆ ನಡೆದು ಹೋದರು. ಮಾತಾಡಿದರು, ತಮಾಷೆ ಮಾಡಿದರು, ಕೊನೆಗೆ ತಮ್ಮ ಮೇಜರನ್ನು ಕರೆದುಕೊಂಡು ಬಂದರು. ಯುದ್ಧದಲ್ಲಿ ತೋರುವ ಧೈರ್ಯಕ್ಕೆ ಪದಕಗಳಿವೆ. ಯುದ್ಧವಿಲ್ಲದ ಕಡೆ ತೋರಿದ ಈ ಧೈರ್ಯಕ್ಕಾಗಿ ತೋರಾಟ್ ಅವರಿಗೆ ಅಶೋಕ ಚಕ್ರ ಎರಡನೇ ದರ್ಜೆ ಸಿಕ್ಕಿತು.

ಪ್ರತಿ ಕೈದಿಗೂ ಅವನ ದೇಶದವರು ತಿಳಿಹೇಳಬೇಕು, ಆಯೋಗದವರು ಪಕ್ಕದಲ್ಲಿ ಕುಳಿತು ನೋಡಬೇಕು, ತೊಂಬತ್ತು ದಿನದಲ್ಲಿ ಮುಗಿಸಬೇಕು. ಕಾಗದದ ಮೇಲೆ ಯೋಜನೆ ಚೆನ್ನಾಗಿತ್ತು. ಆದರೆ ಕೈದಿಗಳು ಗುಡಾರಕ್ಕೆ ಬರಲು ಒಪ್ಪಲಿಲ್ಲ. ಬಂದರೆ ಚೀರಾಡಿದರು, ಉಗುಳಿದರು. ಕೆಲಸ ನಡೆದದ್ದು ಬೆರಳೆಣಿಕೆಯ ದಿನ ಮಾತ್ರ. ತಾಯ್ನಾಡಿಗೆ ಹೋಗುತ್ತೇವೆಂದು ಮನಸ್ಸು ಬದಲಿಸಿದವರು ಆರು ನೂರು ಚಿಲ್ಲರೆ. 88 ಮಂದಿ ಮಾತ್ರ ‘ಆ ಕಡೆಯೂ ಬೇಡ, ಈ ಕಡೆಯೂ ಬೇಡ’ ಎಂದರು. ಅವರನ್ನು ಭಾರತದ ಪಡೆ ತನ್ನ ಜೊತೆಗೇ ಹಡಗು ಹತ್ತಿಸಿ 1954ರಲ್ಲಿ ಮದ್ರಾಸಿಗೆ ಕರೆತಂದಿತು. ಕೆಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಕೆಲವರು ನಮ್ಮಲ್ಲೇ ಉಳಿದರು. ತಿಮ್ಮಯ್ಯನವರು ಈ ಅನುಭವವನ್ನೆಲ್ಲ ಬರೆದಿಟ್ಟು ಹೋಗಿದ್ದಾರೆ. ಪುಸ್ತಕಕ್ಕೆ ಅವರು ಇಟ್ಟ ಹೆಸರು ‘ತಟಸ್ಥತೆಯಲ್ಲೊಂದು ಪ್ರಯೋಗ’ ಎಂಬ ಅರ್ಥದ್ದು. ವಿಜ್ಞಾನದ ಮೇಷ್ಟ್ರಾದ ನನಗೆ ಆ ‘ಪ್ರಯೋಗ’ ಎಂಬ ಮಾತು ಬಹಳ ಹಿಡಿಸಿತು. ಪ್ರಯೋಗ ಎಂದಮೇಲೆ ನಾವು ಬಯಸಿದ ಉತ್ತರವೇ ಬರಬೇಕೆಂದಿಲ್ಲ.

ಸೈನ್ಯದ ಮಹಾದಂಡನಾಯಕ ಹುದ್ದೆಯಿಂದ ನಿವೃತ್ತರಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1964ರಲ್ಲಿ ಸೈಪ್ರಸ್ ದ್ವೀಪಕ್ಕೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಹೋದರು. ಗ್ರೀಕರಿಗೂ ತುರ್ಕರಿಗೂ ನಡುವೆ ನಿಂತಿದ್ದಾಗಲೇ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ದೇಶ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಮಡಿಕೇರಿಯಲ್ಲಿ ಅವರು ಹುಟ್ಟಿದ ‘ಸನ್ನಿ ಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯ.

ಯಜಮಾನರು ಲೋಟ ಕೆಳಗಿಟ್ಟು, ‘ಅವ್ರು ಜನರಲ್ಲು ಸಾರ್. ಇವ್ಳು ನೋಡಿದ್ರೆ ಹುಡುಗಿ’ ಎಂದರು. ಅದಕ್ಕೆ ಮಗಳ ಹತ್ತಿರ ಉತ್ತರ ಸಿದ್ಧವಿತ್ತು. 1993ರಲ್ಲಿ ತಿಹಾರ್ ಜೈಲಿನ ಮುಖ್ಯಸ್ಥರಾದ ಕಿರಣ್ ಬೇಡಿ ಅಲ್ಲಿ ಅಕ್ಷರ, ಧ್ಯಾನ, ದೂರಿನ ಪೆಟ್ಟಿಗೆ ತಂದದ್ದು, ಮುಂದೆ 2003ರಲ್ಲಿ ವಿಶ್ವಸಂಸ್ಥೆಯ ಪೊಲೀಸ್ ಸಲಹೆಗಾರರಾದ ಮೊದಲ ಮಹಿಳೆಯಾದದ್ದು. 2007ರಲ್ಲಿ ನಮ್ಮ ಸಿ.ಆರ್.ಪಿ.ಎಫ್.ನ ಹೆಂಗಸರೇ ತುಂಬಿದ್ದ ಪೊಲೀಸ್ ತುಕಡಿ ಆಫ್ರಿಕಾದ ಲೈಬೀರಿಯಾಕ್ಕೆ ಹೋಗಿ, ತಂಡದ ನಂತರ ತಂಡದಂತೆ 2016ರವರೆಗೆ ಅಲ್ಲಿ ಕಾವಲಿದ್ದದ್ದು. ಎಲ್ಲವನ್ನೂ ಗಡಗಡನೆ ಒಪ್ಪಿಸಿದಳು. ಮಹಿಳೆಯರದ್ದೇ ಆದ ಅಂಥ ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲನೆಯದು. ಹುಡುಗಿ ಚೆನ್ನಾಗಿ ಓದಿಕೊಂಡಿದ್ದಳು.

ಆಗ ನಾನೊಂದು ಪ್ರಶ್ನೆ ಕೇಳಿದೆ. ಕೇಳಬಾರದಿತ್ತೇನೋ. ‘ಜೈಲಿನ ಒಳಗೆ ಹೋಗಿ ನೋಡಿದೀಯೇನಮ್ಮ?’

‘ಇಲ್ಲ ಸಾರ್. ಕೋಟೆ ನೋಡಿದೀನಿ.’

ಅದೂ ಸರಿಯೇ. ದುರ್ಗದವರಿಗೆ ಸೆರೆ ಎಂದರೆ ಕೋಟೆಯ ಕತೆಯ ಒಂದು ಅಧ್ಯಾಯ. ಮದಕರಿ ನಾಯಕನನ್ನು 1779ರಲ್ಲಿ ಹೈದರ್ ಅಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ, ನಾಯಕ ತಿರುಗಿ ಬರಲಿಲ್ಲ. ಆಮೇಲಿನ ಅಧ್ಯಾಯ 1939ರ ತುರುವನೂರಿನದು. ಈಚಲು ಮರ ಕಡಿದು ಜನ ಜೈಲಿಗೆ ಹೋದರು, ನಿಜಲಿಂಗಪ್ಪನವರೂ ಹೋದರು. ಆಗ ಜೈಲಿಗೆ ಹೋಗಿ ಬಂದವರಿಗೆ ಹಾರ ಹಾಕುತ್ತಿದ್ದರು. ಈಗ ಜೈಲಿಗೆ ಹೋಗಿ ಬಂದವನಿಗೆ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗುವುದಿಲ್ಲ.

ನಾನು ಒಳಗೆ ಹೋಗಿ ನೋಡಿದ್ದೇನೆ. ಅದನ್ನು ಆ ದಿನ ಅವರಿಬ್ಬರಿಗೆ ಹೇಳಿದೆ. ಓದುಗರಿಗೂ ಈಗ ಹೇಳುತ್ತೇನೆ. ಈ ಅಂಕಣದಲ್ಲಿ ಗುಡುಗು, ಮಿಂಚು, ಬೋರ್‌ವೆಲ್ಲಿನ ಫ್ಲೋರೈಡು ಎಲ್ಲ ಬರೆದಿದ್ದೇನೆ. ಇದನ್ನು ಮಾತ್ರ ಬರೆದಿರಲಿಲ್ಲ.

2012ರ ಜೂನ್ 6. ಶುಕ್ರ ಸಂಕ್ರಮಣದ ದಿನ. ಸೂರ್ಯಬಿಂಬದ ಮೇಲೆ ಶುಕ್ರಗ್ರಹ ಒಂದು ಸಣ್ಣ ಕಪ್ಪು ಚುಕ್ಕೆಯಾಗಿ ಹಾದುಹೋಗುವ ದೃಶ್ಯ. ನಮ್ಮಲ್ಲಿ ಸೂರ್ಯೋದಯದಿಂದ ಹತ್ತೂಕಾಲರ ತನಕ ಕಾಣುತ್ತಿತ್ತು. ಮತ್ತೆ ಅದು ನಡೆಯುವುದು 2117ರ ಡಿಸೆಂಬರಿನಲ್ಲಿ. ಶಾಲೆಯ ಮಕ್ಕಳಿಗೆ ತೋರಿಸುವ ಏರ್ಪಾಡು ಗೆಳೆಯರು ಮಾಡಿದ್ದರು. ನಮ್ಮ ಕಡೆಯದೇ ಒಂದು ಕಾರಾಗೃಹದ ಅಧಿಕಾರಿ (ಊರಿನ ಹೆಸರು ಬೇಡ) ‘ನಮ್ಮ ಹುಡುಗರಿಗೂ ತೋರಿಸಿ ಮೇಷ್ಟ್ರೇ’ ಎಂದು ಕೇಳಿದ್ದರು. ಒಳ್ಳೆಯ ಮನುಷ್ಯ. ಪುಟ್ಟ ದೂರದರ್ಶಕ, ಬಿಳಿ ರಟ್ಟು, ಇಪ್ಪತ್ತು ಸೌರ ಕನ್ನಡಕ ಕಟ್ಟಿಕೊಂಡು ಏಳು ಗಂಟೆಗೇ ಹೋದೆ. ಬಾಗಿಲಲ್ಲಿ ದೂರದರ್ಶಕದ ಕೊಳವೆಯೊಳಗೆಲ್ಲ ಕೈಹಾಕಿ ನೋಡಿ ಬಿಟ್ಟರು.

ಅಂಗಳದಲ್ಲಿ ಸಾಲಾಗಿ ಕೂರಿಸಿದ್ದರು. ಮೋಡ ಬಂದು ಹೋಗಿ ಆಟವಾಡಿಸಿದರೂ ರಟ್ಟಿನ ಮೇಲೆ ಸೂರ್ಯನ ಬಿಂಬ ಅಂಗೈಯಗಲ ಬಿತ್ತು, ಅದರಲ್ಲಿ ಸಾಸಿವೆ ಕಾಳಿನಂಥ ಶುಕ್ರ. ಒಬ್ಬೊಬ್ಬರಾಗಿ ಬಂದು ನೋಡಿದರು. ‘ಇದು ತಪ್ಪಿದರೆ ಇನ್ನು ನೂರ ಐದು ವರ್ಷ ಕಾಯಬೇಕು’ ಎಂದು ನನ್ನ ಮಾಮೂಲು ಪಾಠ ಒಪ್ಪಿಸಿದೆ. ಹಿಂದಿನಿಂದ ಯಾರೋ, ‘ಬಿಡಿ ಸಾರ್, ಅಷ್ಟೊತ್ತಿಗೆ ನನ್ ಕೇಸೂ ಮುಗಿದಿರುತ್ತೆ’ ಎಂದ. ಅಂಗಳವೆಲ್ಲ ನಕ್ಕಿತು. ವಾರ್ಡರುಗಳೂ ನಕ್ಕರು.

ಆಮೇಲೆ ಪ್ರಶ್ನೆಗಳಿಗೆ ಅವಕಾಶ ಕೊಟ್ಟೆ. ಒಬ್ಬ ಮಧ್ಯವಯಸ್ಕ ಎದ್ದು ನಿಂತು, ‘ಶುಕ್ರ ಅಂದ್ರೆ ಬೆಳ್ಳಿ ಚುಕ್ಕಿನೇ ಅಲ್ವಾ ಸಾರ್? ಬೆಳಗಿನ ಜಾವ ನೀರು ಕಟ್ಟೋಕೆ ಹೋದಾಗ ನೋಡ್ತಿದ್ದೆ. ಈಗ ಅದು ಬರುತ್ತಾ?’ ಎಂದ. ಬರುತ್ತದೆ, ಇನ್ನು ಹದಿನೈದು ದಿನಕ್ಕೆ ಮೂಡಣದಲ್ಲಿ ನಸುಕಿನಲ್ಲಿ ಕಾಣುತ್ತದೆ, ನೋಡಿ ಎಂದೆ. ಅವನು ಏನೂ ಹೇಳಲಿಲ್ಲ. ಪಕ್ಕದವನು ಹೇಳಿದ: ‘ಸಂಜೆ ಆರಕ್ಕೆ ಒಳಗೆ ಹಾಕಿದ್ರೆ ಬೆಳಿಗ್ಗೆ ಬೆಳಕು ಹರಿದ ಮೇಲೇ ಸಾರ್ ತೆಗಿಯೋದು. ನಾವು ಚುಕ್ಕಿ ನೋಡಿ ಎರಡು ವರ್ಷ ಆಯ್ತು.’

ಮೂವತ್ತು ವರ್ಷ ಖಗೋಳ ಪಾಠ ಮಾಡಿದರೂ ನನಗಿದು ಹೊಳೆದಿರಲಿಲ್ಲ. ಜೈಲಿನಲ್ಲಿ ಸೂರ್ಯನಿದ್ದಾನೆ, ನಕ್ಷತ್ರಗಳಿಲ್ಲ. ಮುಂದೆ 2015ರಲ್ಲಿ ವಿಶ್ವಸಂಸ್ಥೆ ಕೈದಿಗಳ ಬಗೆಗಿನ ತನ್ನ ಹಳೆಯ ನಿಯಮಗಳನ್ನು ತಿದ್ದಿ, ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದ ಮಂಡೇಲಾ ಹೆಸರಿಟ್ಟು ಹೊರತಂದಾಗ ಅದನ್ನು ಹುಡುಕಿ ಓದಿದೆ. ಒಟ್ಟು 122 ನಿಯಮ. ಹಗಲಿನ ಬೆಳಕಿನಲ್ಲಿ ಓದಲು ಸಾಧ್ಯವಾಗುವಷ್ಟು ದೊಡ್ಡ ಕಿಟಕಿ ಇರಬೇಕು, ದಿನಕ್ಕೆ ಒಂದು ಗಂಟೆಯಾದರೂ ಬಯಲಿನಲ್ಲಿ ಓಡಾಡಿಸಬೇಕು, ಹದಿನೈದು ದಿನಕ್ಕಿಂತ ಹೆಚ್ಚು ಒಂಟಿ ಕೋಣೆಯಲ್ಲಿಡಬಾರದು, ಎಲ್ಲ ಇದೆ. ನಕ್ಷತ್ರದ ಮಾತಿಲ್ಲ. ಇರಲಿ, ಇರುವ ನಿಯಮ ನಡೆದರೆ ಸಾಕು.

ನನ್ನ ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಸಾಮಾನು ಕಟ್ಟುವಾಗ ಒಬ್ಬ ಹುಡುಗ ಕನ್ನಡಕಗಳನ್ನು ಎಣಿಸಿ ಡಬ್ಬಿಗೆ ತುಂಬಲು ಬಂದ. ಇಪ್ಪತ್ತರ ಆಸುಪಾಸು. ‘ನಾನು ಯಾರು ಗೊತ್ತಾಗ್ಲಿಲ್ವಾ ಸಾರ್? ಎಂಟನೇ ಕ್ಲಾಸಲ್ಲಿ ನಿಮ್ ಹತ್ರನೇ ಓದಿದ್ದು. ಲಿಟ್ಮಸ್ ಕಾಗದ ನಿಂಬೆಹಣ್ಣಿಗೆ ಅದ್ದಿಸಿದ್ರಿ’ ಎಂದ. ಮುಖ ನೆನಪಾಗಲಿಲ್ಲ, ಆದರೆ ನೆನಪಾದವನಂತೆ ತಲೆಯಾಡಿಸಿದೆ. ಯಾವುದೋ ತೋಟದ ಬೋರ್‌ವೆಲ್ಲಿನ ಕೇಬಲ್ ಕಳವಿನ ಕೇಸು. ತಾನು ಕದ್ದಿಲ್ಲ ಎಂದ. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ವಾರ್ಡರು ಕಣ್ಣು ಮಿಟುಕಿಸಿದ. ಹುಡುಗನಿಗೆ ಜಾಮೀನು ಸಿಕ್ಕಿ ಐದು ತಿಂಗಳಾಗಿತ್ತು.

‘ಮತ್ತೆ ಇಲ್ಲೇ ಯಾಕಿದೀಯೋ?’

‘ಪಹಣಿ ಇರೋರು ಒಬ್ರು ಬಂದು ಸೈನ್ ಹಾಕ್ಬೇಕಂತೆ ಸಾರ್. ಅವ್ವ ಚಿಕ್ಕಮಗಳೂರಿನ ಎಸ್ಟೇಟಿಗೆ ಕೂಲಿಗೆ ಹೋಗೈತೆ. ನಮಗೆ ಪಹಣಿ ಎಲ್ಲಿಂದ ಬರುತ್ತೆ?’ ಆಮೇಲೆ ಒಂದು ಕನ್ನಡಕವನ್ನು ಒರೆಸುತ್ತಲೇ ಕೇಳಿದ: ‘ನಿಮ್ದು ಜಮೀನು ಐತಾ ಸಾರ್?’

ಇತ್ತು. ಅಪ್ಪನಿಂದ ಬಂದ ಎರಡು ಎಕರೆ, ಶೇಂಗಾ ಹಾಕುವ ಹೊಲ, ನನ್ನದೇ ಹೆಸರಿನಲ್ಲಿ. ‘ನೋಡೋಣಪ್ಪ, ವಿಚಾರಿಸ್ತೀನಿ’ ಎಂದೆ.

ವಿಚಾರಿಸಿದೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು, ‘ಅವನು ಓಡಿಹೋದರೆ ಕೋರ್ಟು ನಿಮ್ಮ ಹಿಂದೆ ಬೀಳುತ್ತೆ, ನಮಗ್ಯಾಕೆ ಬೇಕು ಮೇಷ್ಟ್ರೇ ಊರ ಉಸಾಬರಿ’ ಎಂದರು. ಮನೆಯಲ್ಲಿ ಹೇಳಲೇ ಇಲ್ಲ. ಶಾಲೆ ಶುರುವಾಗಿತ್ತು, ದಾಖಲಾತಿ, ಸಮವಸ್ತ್ರ, ಪಠ್ಯಪುಸ್ತಕ, ಹೀಗೆ ದಿನ ತಳ್ಳಿದೆ. ಆಗಸ್ಟಿನಲ್ಲಿ ಮನಸ್ಸು ತಡೆಯದೆ ಆ ಅಧಿಕಾರಿಗೆ ಫೋನ್ ಮಾಡಿದೆ. ‘ಅವನು ಹೊರಗೆ ಹೋದ ಮೇಷ್ಟ್ರೇ. ತಪ್ಪೊಪ್ಪಿಕೊಂಡುಬಿಟ್ಟ. ಒಳಗಿದ್ದ ದಿನಾನೇ ಶಿಕ್ಷೆ ಅಂತ ಲೆಕ್ಕ ಹಿಡಿದು ಬಿಟ್ಟರು’ ಎಂದರು.

ಇದರ ಅರ್ಥ ನನಗೆ ಕೂಡಲೇ ಆಗಲಿಲ್ಲ. ವಿಚಾರಣೆಯ ಕಾಲದಲ್ಲಿ ಒಳಗೆ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯಬೇಕೆಂಬ ನಿಯಮ ಕೈದಿಯ ಹಿತಕ್ಕೆಂದೇ ಮಾಡಿದ್ದು. ಆದರೆ ಜಾಮೀನುದಾರನಿಲ್ಲದ ಬಡವನಿಗೆ ಅದೇ ಹೊರಬರುವ ಬಾಗಿಲಾಗುತ್ತದೆ: ಮಾಡದಿದ್ದರೂ ಮಾಡಿದೆ ಎನ್ನು, ಮನೆಗೆ ಹೋಗು. ಅವನು ಕದ್ದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ಯಾರಿಗೂ ಗೊತ್ತಾಗುವುದಿಲ್ಲ. ಕಾಗದದ ಪ್ರಕಾರ ಅವನು ಕಳ್ಳ.

ಎರಡು ಮೂರು ವರ್ಷದ ಮೇಲೆ ಹಿರಿಯೂರಿನಲ್ಲಿ ಬಸ್ಸು ಕಾಯುತ್ತ ಒಂದು ಹೋಟೆಲಿಗೆ ನುಗ್ಗಿದಾಗ ಕಾಫಿ ತಂದಿಟ್ಟವನು ಅವನೇ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತ್ತಂತೆ, ಪೊಲೀಸ್ ವೆರಿಫಿಕೇಷನ್ನಿನಲ್ಲಿ ಹೋಯಿತಂತೆ. ನಗುತ್ತಲೇ ಹೇಳಿದ. ಕಾಫಿಯ ದುಡ್ಡು ಕೊಡಲು ಹೋದರೆ ಗಲ್ಲದ ಮೇಲಿದ್ದವರಿಗೆ, ‘ನಮ್ ಮೇಷ್ಟ್ರು, ನನ್ ಲೆಕ್ಕಕ್ಕೆ ಬರ್ಕಳ್ಳಿ’ ಎಂದ. ಆ ಕಾಫಿ ನನಗಿನ್ನೂ ಜೀರ್ಣವಾಗಿಲ್ಲ.

ಇಷ್ಟು ಹೇಳಿ ಮುಗಿಸಿದಾಗ ಯಜಮಾನರು ಚೀಲದ ದಾರ ಬಿಚ್ಚುತ್ತ ಕಟ್ಟುತ್ತ ಕುಳಿತಿದ್ದರು. ಹುಡುಗಿ ಮಾತ್ರ ವಿದ್ಯುತ್ಕಾಂತೀಯ ಪ್ರೇರಣೆಯ ದಿನದ ಹಾಗೇ ನೇರವಾಗಿ ನೋಡಿ, ‘ನೀವ್ಯಾಕೆ ಸೈನ್ ಹಾಕ್ಲಿಲ್ಲ ಸಾರ್?’ ಎಂದಳು. ‘ಭಯ ಆಯ್ತಮ್ಮ’ ಎಂದೆ. ಬೇರೆ ಉತ್ತರವಿರಲಿಲ್ಲ.

ಆಮೇಲೆ ಅವಳೇ ನನಗೆ ಪಾಠ ಮಾಡಿದಳು. 1978ರಲ್ಲೇ ಸುಪ್ರೀಂ ಕೋರ್ಟಿನ ಮುಂದೆ ಮೋತಿರಾಂ ಎಂಬ ಗಾರೆ ಕೆಲಸದವನ ಪ್ರಕರಣ ಬಂದಿತ್ತು. ಹತ್ತು ಸಾವಿರ ರೂಪಾಯಿಗೆ ಜಾಮೀನುದಾರ ಬೇಕೆಂದು ಕೆಳಗಿನ ಕೋರ್ಟು. ಅವನ ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ನಡೆಯುವುದಿಲ್ಲ ಎಂದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಆದೇಶವನ್ನು ಕಟುವಾಗಿ ಟೀಕಿಸಿ, ಬಡವನಿಗೆ ಅವನ ಸ್ವಂತ ಮುಚ್ಚಳಿಕೆಯ ಮೇಲೂ ಬಿಡುಗಡೆ ಕೊಡಬಹುದು ಎಂದರು. ಮರುವರ್ಷ ಬಿಹಾರದ ಹುಸೇನಾರಾ ಖಾತೂನ್ ಪ್ರಕರಣ: ತಮ್ಮ ಅಪರಾಧಕ್ಕೆ ಇರಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು. ವಕೀಲೆ ಕಪಿಲಾ ಹಿಂಗೋರಾಣಿ ಒಂದು ಪತ್ರಿಕಾ ಲೇಖನ ಹಿಡಿದುಕೊಂಡು ಕೋರ್ಟಿಗೆ ಹೋದದ್ದು, ಅದರಿಂದ ಸಾವಿರಾರು ಜನ ಹೊರಬಂದದ್ದು. 2024ರ ಜುಲೈನಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಲ್ಲಿ, ಮೊದಲ ಸಲ ಆರೋಪಿಯಾದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆ ಮಾಡಬೇಕು, ಗಲ್ಲು, ಜೀವಾವಧಿಯಂಥ ಕೇಸುಗಳು ಬಿಟ್ಟು. ಜಾಮೀನಿನ ಹಣ ಕಟ್ಟಲಾಗದ ಬಡ ಕೈದಿಗೆ 40 ಸಾವಿರದವರೆಗೆ ಸರ್ಕಾರವೇ ಕೊಡುವ ಯೋಜನೆಯೂ 2023ರಲ್ಲಿ ಬಂದಿದೆಯಂತೆ.

‘ಇಷ್ಟೆಲ್ಲ ಇದ್ದೂ?’ ಎಂದೆ.

‘2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ರು ಸಾರ್. ಅದರಲ್ಲಿ 4,34,302 ಜನ ವಿಚಾರಣಾಧೀನರು.’

ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು. ಲೆಕ್ಕದ ಮೇಷ್ಟ್ರು ಅಲ್ಲದಿದ್ದರೂ ಲೆಕ್ಕ ಹಾಕಿದೆ. ನೂರು ಮಕ್ಕಳ ಶಾಲೆಯಲ್ಲಿ ಎಪ್ಪತ್ತೈದು ಮಕ್ಕಳನ್ನು ಪರೀಕ್ಷೆಗೆ ಮುಂಚೆಯೇ ನಪಾಸು ಮಾಡಿ ಕೂರಿಸಿದ ಹಾಗೆ.

‘ನಿಯಮಗಳು ಕಾಂತದ ಹಾಗೆ ಸುಮ್ನೆ ಇದಾವೆ ಸಾರ್, ಅಲ್ಲಾಡಿಸೋರು ಬೇಕು’ ಎಂದಳು. ನನ್ನ ಪಾಠವನ್ನು ನನಗೇ ತಿರುಗಿಸಿದ್ದು. ಮೇಷ್ಟ್ರ ಕೆಲಸದಲ್ಲಿ ಸಿಗುವ ಸಂಬಳ ಇದೊಂದೇ.

ಪರದೇಶಕ್ಕೆ ಹೋಗಿ ಬರುವುದರಿಂದ ಏನೂ ಆಗುವುದಿಲ್ಲ ಎಂದು ವಾದಿಸುವವನು ನಾನಲ್ಲ. ಪರದೇಶದವನೊಬ್ಬ ಇಲ್ಲಿಗೆ ಬಂದು ಮಾಡಿದ್ದೂ ಇದೆ. ಮಾರಿಸ್ ಫ್ರಿಡ್ಮನ್ ಎಂಬ ಪೋಲೆಂಡಿನ ಎಂಜಿನಿಯರು 1930ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಲು ಬಂದವನು. ಖಾದಿ ಉಟ್ಟು ‘ಭಾರತಾನಂದ’ ಆದ. ಬಿಜಾಪುರದ ಕಡೆಯ ಕನ್ನಡ ಹಳ್ಳಿಗಳೂ ಸೇರಿದ್ದ ಔಂಧ್ ಸಂಸ್ಥಾನಕ್ಕೆ ಹೋಗಿ, ಅಲ್ಲಿನ ರಾಜನನ್ನು ಒಪ್ಪಿಸಿ ಕೈದಿಗಳಿಗೆ ಗೋಡೆಯಿಲ್ಲದ ಒಂದು ಊರನ್ನೇ ಮಾಡಿಸಿದ, ಆಟಪಾಡಿಯ ಹತ್ತಿರ, ಸ್ವತಂತ್ರಪುರ ಎಂದು. ಶಾಂತಾರಾಂ ಅವರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರ ಹುಟ್ಟಿದ್ದು ಅಲ್ಲಿಂದ. ನಮ್ಮಲ್ಲೂ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಆಯಿತು. ಆ ಊರಿನ ಕೈದಿಗಳಿಗೆ ಬೆಳ್ಳಿಚುಕ್ಕಿ ಕಂಡಿರಬೇಕು.

ಕೊನೆಗೆ ಒಂದು ಒಪ್ಪಂದವಾಯಿತು. ನಾನು ಪತ್ರ ಬರೆದುಕೊಡುವುದು. ಯಜಮಾನರು ಈ ಸಲದ ಕೊಬ್ಬರಿ ಮಾರಿದ ಮೇಲೆ ಯೋಚಿಸುವುದು. ಅವಳು ಅಲ್ಲಿಯವರೆಗೆ ಒಂದು ತಿಂಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೆಲಸ ಕಲಿಯುವುದು. ಜೈಲಿನಲ್ಲಿರುವ ಪ್ರತಿಯೊಬ್ಬನಿಗೂ ಪುಕ್ಕಟೆ ವಕೀಲರನ್ನು ಕೊಡಬೇಕಾದ ಸಂಸ್ಥೆ ಅದು. ಕಾನೂನು ವಿದ್ಯಾರ್ಥಿಗಳು ಅಲ್ಲಿಗೂ ಇಂಟರ್ನ್ ಆಗಿ ಹೋಗಬಹುದು. ಅಲ್ಲೂ ಸಂಬಳವಿಲ್ಲ, ಆದರೆ ಹೊಸದುರ್ಗದಿಂದ ಬಸ್ಸಿದೆ. ‘ಇದು ಪಕ್ಕದ ಬೀದಿ’ ಎಂದು ಯಜಮಾನರು ಒಪ್ಪಿದರು.

ಪತ್ರವನ್ನು ಇಂಗ್ಲಿಷಿನಲ್ಲಿ ಮೂರು ಸಲ ಬರೆದು ಹರಿದೆ. ಅವಳೇ ತಿದ್ದಿ ಟೈಪು ಮಾಡಿಕೊಂಡು ಬಂದಳು. ಅರ್ಜಿಯ ಉತ್ತರ ಇನ್ನೂ ಬಂದಿಲ್ಲ.

ಕಳೆದ ವಾರ ಸಂಜೆ ಫೋನ್ ಮಾಡಿದಳು. ತಿಂಗಳು ಮುಗಿಯುತ್ತ ಬಂದಿದೆ. ವಿಚಾರಣಾಧೀನರ ಪಟ್ಟಿಯಲ್ಲಿ ಜಾಮೀನು ಸಿಕ್ಕಿಯೂ ಒಳಗಿರುವವರ ಹೆಸರಿಗೆ ಗುರುತು ಹಾಕಿ ವಕೀಲರಿಗೆ ಕೊಡುವುದು ಅವಳ ಕೆಲಸವಂತೆ. ಕೆಲವರಿಗೆ ಜಾಮೀನಿನ ಷರತ್ತು ಸಡಿಲವಾಯಿತಂತೆ. ಒಬ್ಬ ಉಳಿದಿದ್ದಾನೆ, ಮೊಳಕಾಲ್ಮೂರಿನ ಕಡೆಯವನು, ಕುರಿ ಕಳವಿನ ಕೇಸು. ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾರ್, ಆ ಎರಡೆಕರೆ ಇನ್ನೂ ನಿಮ್ಮ ಹೆಸರಲ್ಲೇ ಇದೆಯಾ?’ ಎಂದಳು.

ಮಾರನೆಯ ದಿನ ತಾಲೂಕು ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ಒಳಗಿನ ಹುಡುಗ ನನ್ನ ಶಾಲೆಯವನೇ. ಸರ್ವೆ ನಂಬರು ಒತ್ತಿ, ಪಹಣಿ ಹೊರಬರುವಷ್ಟರಲ್ಲಿ, ‘ಬ್ಯಾಂಕ್ ಸಾಲಕ್ಕಾ ಸಾರ್?’ ಎಂದ.

‘ಅಲ್ಲಪ್ಪ, ಜಾಮೀನಿಗೆ’ ಎಂದೆ.

ಅವನು ತಲೆಯೆತ್ತಿ ನೋಡಿ, ‘ಹಂಗಾದ್ರೆ ಎರಡು ಕಾಪಿ ಇರಲಿ ಸಾರ್’ ಎಂದು ಇನ್ನೊಮ್ಮೆ ಒತ್ತಿದ.